ಬೀರೂರು ಜಂಕ್ಷನ್ನಿನಲ್ಲಿ ಅಜ್ಜಿ

ಬೀರೂರಲ್ಲಿ ರೈಲು ನಿಂತಿದೆ. ಅಜ್ಜಿ ನೆನಪಾದಳು. ಹುಟ್ಟಿದ್ದು ತರೀಕೆರೆ, ಸೇರಿದ್ದು ಅಜ್ಜಂಪುರ, ಮಗಳನ್ನು ಕೊಟ್ಟಿದ್ದು ಕಡೂರಿಗೆ. ತವರಿಗೆ ಹೊರಟರೂ ಮಗಳ ಮನೆಗೆ ಹೊರಟರೂ ಬೀರೂರು ತಪ್ಪದು. ಎಂಬತ್ತು ದಾಟಿದ ಮೇಲೂ ಚೀಲದ ತುಂಬ ಈರುಳ್ಳಿ ಹೊತ್ತು ಇಲ್ಲೇ ಗಾಡಿ ಬದಲಿಸುತ್ತಿದ್ದಳು. ಕೈ ಚಾಚಿದರೆ, ‘ನಿನ್ ಬ್ಯಾಗ್ ನೀನ್ ಹಿಡ್ಕಳ ಮಗಾ’ ಅನ್ನೋಳು.

ಜಿಲ್ಲೆ 1947ರಲ್ಲೇ ಚಿಕ್ಕಮಗಳೂರಾದರೂ ಆಕೆಗೆ ಕೊನೆವರೆಗೂ ಅದು ‘ಕಡೂರು ಜಿಲ್ಲೆ’. ಅಜ್ಜಂಪುರದ ಅಮೃತಮಹಲ್ ಹೋರಿ ಕಂಡರೆ ಮಾತ್ರ ಕಾಲು ನಿಲ್ಲುತ್ತಿತ್ತು, ಕಣ್ತುಂಬ ನೋಡಿಯೇ ಮುಂದಿನ ಹೆಜ್ಜೆ.

ಆಕೆ ಸುಮ್ಮನೆ ಕೂತಿದ್ದು ಕಂಡಿದ್ದರೆ ರೈಲಲ್ಲಿ ಮಾತ್ರ. ಊಹೂಂ, ಅಲ್ಲೂ ಹೂಬತ್ತಿ ಹೊಸೆಯೋಳು!

ನಿಮ್ಮಜ್ಜಿ ಗಾಡಿ ಬದಲಿಸುತ್ತಿದ್ದ ಜಂಕ್ಷನ್ ಯಾವುದು?