ಹತ್ತಿ ಟನ್ನು, ಕಲ್ಲು ಟನ್ನು

ರೋಲ್ ಪ್ಲೇಯಿಂಗ್ ಗೇಮ್ ಅಂದ್ರೆ ಕಂಪ್ಯೂಟರೇ ಬೇಕು ಅಂತಿಲ್ಲ. ನಾಲ್ಕು ಜನ, ಒಂದು ಮೇಜು, ದಾಳ, ಪೆನ್ಸಿಲ್ ಇದ್ದರೂ ಸಾಕು. ಒಬ್ಬೊಬ್ಬರದು ಒಂದೊಂದು ಪಾತ್ರ. ಹೀಗೆ ಆಡುವ ವೈಜ್ಞಾನಿಕ ಆಟಗಳಲ್ಲಿ ಹೆಸರಾದದ್ದು 'ಟ್ರಾವೆಲರ್'. 1977ರಲ್ಲಿ ಅಮೆರಿಕದ ಮಾರ್ಕ್ ಮಿಲ್ಲರ್ ರೂಪಿಸಿದ್ದು. ಒಂದು ಆಕಾಶನೌಕೆ ಇಟ್ಟುಕೊಂಡು ಗ್ರಹದಿಂದ ಗ್ರಹಕ್ಕೆ ಬಾಡಿಗೆ ಹೊಡೆಯಬಹುದು. ಒಂಥರಾ ನಕ್ಷತ್ರಲೋಕದ ಲಾರಿ ಧಂದೆ :-)

ಇದರಲ್ಲಿ ನನ್ನನ್ನು ಕಾಡುವುದು 'ಟನ್' ಎಂಬ ಪದ. ಈ ಆಟದಲ್ಲಿ ಅದು ತೂಕವಲ್ಲ, ಜಾಗ. ಒಂದು ಟನ್ ದ್ರವ ಹೈಡ್ರೋಜನ್ ಹಿಡಿಯುವಷ್ಟು ಜಾಗ, ಅಂದರೆ ಸುಮಾರು 14 ಘನಮೀಟರ್. ಅಲ್ಲಿನ ಬಡ ವ್ಯಾಪಾರಿಯ ನೌಕೆ 200 ಟನ್ನಿನದು, ಅದರಲ್ಲಿ ಸರಕಿಗೆ 82 ಟನ್. ಘನಮೀಟರಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 1,150.

ಈಗ ನಮ್ಮ ಅಬ್ಬೆತುಮಕೂರಿನ ಸರಕು ತುಂಬೋಣ. ಬಿಡಿ ಹತ್ತಿ ಘನಮೀಟರಿಗೆ ನೂರು ಕಿಲೋ ಅಂತ ಇಟ್ಟುಕೊಂಡರೆ 115 ಟನ್ ತೂಕ. ಅದೇ ಜಾಗಕ್ಕೆ ಶಹಾಬಾದ್ ಫರಸಿ ಕಲ್ಲು ಜೋಡಿಸಿದರೆ ಸುಮಾರು 3,000 ಟನ್! ಆದರೆ ನಿಯಮದ ಪ್ರಕಾರ ಎರಡೂ ನೌಕೆಗಳ ವೇಗ ಒಂದೇ, ಖರ್ಚೂ ಒಂದೇ. ನ್ಯೂಟನ್ ಕೇಳಿದ್ದರೆ ಏನನ್ನುತ್ತಿದ್ದನೋ...

ಹಾಗಂತ ಈ ನಿಯಮ ದಡ್ಡತನವೇನಲ್ಲ. ಹೈಡ್ರೋಜನ್ ಬಲು ಹಗುರ, ಆ ನೌಕೆಗಳ ಹೊಟ್ಟೆ ತುಂಬಾ ಅದೇ ಇಂಧನ. ಅಲ್ಲಿ ಮೊದಲು ಮುಗಿಯುವುದು ಜಾಗ. ಹತ್ತಿಯದೂ ಹಾಗೆಯೇ. ನಮ್ಮ ಕಡೆ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಕಾಣುವುದೇ ಇಲ್ಲ, ಅಂಡಗಿಗಳ ಗುಡ್ಡವೇ ಉರುಳಿ ಬಂದಂತೆ ಇರುತ್ತದೆ. ಎಂಜಿನ್ನಿಗೆ ತ್ರಾಸಿಲ್ಲ, ಎದುರು ಬರುವ ಬೈಕಿನವನಿಗೆ ತ್ರಾಸು. ಕಲ್ಲಿನ ಲಾರಿಯದು ತದ್ವಿರುದ್ಧ. ಅರ್ಧ ಬಾಡಿ ಖಾಲಿ ಇದ್ದರೂ ಪ್ಲೇಟ್ ಕೂತು ಟೈರು ಹಿಗ್ಗಿರುತ್ತವೆ.

ನಮ್ಮ ಕಾನೂನು ಎರಡನ್ನೂ ನೋಡಿದೆ. 2018ರಲ್ಲಿ ಎರಡು ಆಕ್ಸಲ್ ಲಾರಿಯ ಒಟ್ಟು ಭಾರದ ಮಿತಿ 16.2ರಿಂದ 18.5 ಟನ್ನಿಗೆ ಏರಿತು. 2019ರ ತಿದ್ದುಪಡಿಯಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಸರಕು ಬಾಡಿಯ ಆಚೆ ಚಾಚಿದರೂ ಬೇರೆಯಾಗಿ 20,000. ಒಂದು ಕಲ್ಲಿಗೆ, ಒಂದು ಹತ್ತಿಗೆ!

ಭಾರಕ್ಕೆ ಯಾಕಿಷ್ಟು ಕಟ್ಟುನಿಟ್ಟು? ಅಮೆರಿಕದಲ್ಲಿ 1950ರ ದಶಕದ ಕೊನೆಗೆ ಲಾರಿಗಳನ್ನು ಓಡಿಸಿ ರಸ್ತೆ ಪರೀಕ್ಷೆ ಮಾಡಿದ್ದರು. ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ ಎಂಬ ಲೆಕ್ಕ ಬಂದದ್ದು ಅಲ್ಲಿಂದ. ಭಾರ 20 ಶೇಕಡಾ ಹೆಚ್ಚಾದರೆ ಹಾನಿ ದುಪ್ಪಟ್ಟು. ಲಾಭ ಲಾರಿ ಮಾಲೀಕನಿಗೆ, ಗುಂಡಿ ಊರಿಗೆ. ಹೆರಿಗೆ ನೋವಿನ ಹೆಣ್ಣುಮಗಳನ್ನು ಯಾದಗಿರಿ ಆಸ್ಪತ್ರೆಗೆ ಕರೆದೊಯ್ಯುವುದೂ ಅದೇ ಗುಂಡಿಗಳ ಮೇಲೆ.

'ಗರ್ಪ್ಸ್ ವೆಹಿಕಲ್ಸ್' ಪುಸ್ತಕದಂತೆ ಪ್ರತಿ ಭಾಗದ ತೂಕ ಕೂಡಿಸುತ್ತ ಕೂತರೆ ಆಟ ಆಡಿದಂತೆಯೇ. ನನ್ನ ಸಲಹೆ ಸುಲಭ: ಸರಕಿನ ಮುಂದೆ ಎರಡು ಅಂಕಿ ಬರೆಯಿರಿ, ಜಾಗ ಒಂದು, ಭಾರ ಒಂದು. ಯಾವುದು ಮೊದಲು ತುಂಬುತ್ತದೋ ಅಲ್ಲಿಗೆ ಲೋಡ್ ಮುಗೀತು. ಮೀರಿ ತುಂಬಿದರೆ ವೇಗೋತ್ಕರ್ಷ ಇಳಿಯಲಿ, ಇಳಿದಾಣದ ನೆಲ ಸೀಳಲಿ, ಆ ಗ್ರಹದವರು ಬಂದು ಜಗಳ ತೆಗೆಯಲಿ. ಕತೆಗೂ ರುಚಿ ಹೆಚ್ಚು.

ಲೆಕ್ಕ ಬೇಡ, ದಾಳ ಸಾಕು ಅನ್ನುವವರು ಯಾರಾದರೂ ಇದ್ದೀರಾ? ಬನ್ನಿ, ಜಗಳಾಡೋಣ :-)