33ನೇ ಲೇನಿನ ಕೊನೆಯ ಮನೆ

ಕೊಲಂಬೊದ ಬಾಗಟಲೆ ರಸ್ತೆಯಿಂದ ಕವಲೊಡೆಯುವ 33ನೇ ಲೇನ್ ಬಲು ಕಿರಿದು. ಅದರ ಕೊನೆಯಲ್ಲಿರುವ 11ನೇ ನಂಬರಿನ ಮನೆ ನೋಡಲೆಂದೇ ನಾನು ಬೆಂಗಳೂರಿನಿಂದ ಹೊರಟಿದ್ದೆ. ಇಂಟೀರಿಯರ್ ಡಿಸೈನ್ ಓದಿ ಮುಗಿಸಿದ ನನಗೆ ಇದುವರೆಗೆ ಸಿಕ್ಕಿದ್ದೆಲ್ಲ ಅಪಾರ್ಟ್‌ಮೆಂಟುಗಳ ವಾರ್ಡ್‌ರೋಬು, ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್ ಕೆಲಸ. ಲ್ಯಾಮಿನೇಟ್ ಕ್ಯಾಟಲಾಗಿನ ಪಕ್ಕದಲ್ಲೇ ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರ ಮನೆಗಳ ಫೋಟೊ ಇಟ್ಟುಕೊಂಡು ಕೂರುವುದು ಅಭ್ಯಾಸವಾಗಿಬಿಟ್ಟಿತ್ತು.

ಬಾವಾ ಮೊದಲು ವಕೀಲರು. ಲಂಡನ್ನಿನಲ್ಲಿ ಓದಿ ವಾಸ್ತುಶಿಲ್ಪಿಯಾದದ್ದು 1957ರಲ್ಲಿ, 38ನೇ ವಯಸ್ಸಿಗೆ. ಹೊಸದಾಗಿ ಈ ಕೆಲಸಕ್ಕಿಳಿದವರಿಗೆ ಇದಕ್ಕಿಂತ ಧೈರ್ಯ ಕೊಡುವ ಸುದ್ದಿ ಬೇರೇನಿದೆ?

ಸಾಲಾಗಿದ್ದ ನಾಲ್ಕು ಪುಟ್ಟ ಮನೆಗಳನ್ನು ಒಂದೊಂದಾಗಿ ಕೊಂಡು, ಗೋಡೆ ಒಡೆದು, ಸೇರಿಸಿ ಅವರು ಈ ಮನೆ ಕಟ್ಟಿಕೊಂಡರು. ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಅವರ ಹಳೆಯ ರೋಲ್ಸ್ ರಾಯ್ಸ್ ನಿಂತಿರುವ ಗ್ಯಾರೇಜು. ಅಲ್ಲಿಂದ ಉದ್ದಕ್ಕೆ ಬಿಳಿ ಓಣಿ. ನೆಲವೂ ಬಿಳಿ, ಗೋಡೆಯೂ ಬಿಳಿ. ನಾನು ಅಲ್ಲೇ ನಿಂತುಬಿಟ್ಟೆ. ಓಣಿಯ ತುದಿಯಲ್ಲಿ ಮಾಡು ತೆರೆದುಕೊಂಡು ಪುಟ್ಟ ಕೊಳದ ಮೇಲೆ ಬಿಸಿಲು ಬೀಳುತ್ತದೆ. ಅಲ್ಲಿ ಚೆಟ್ಟಿನಾಡಿನಿಂದ ತಂದ ಮರದ ಕಂಬಗಳು. ನಡೆಯುವವರನ್ನು ಆ ಬೆಳಕೇ ಕರೆದೊಯ್ಯುತ್ತದೆ. ನಡುನಡುವೆ ಇಂಥವೇ ಪುಟಾಣಿ ಅಂಗಳಗಳು, ನಮ್ಮ ತೊಟ್ಟಿಮನೆಯ ತೊಟ್ಟಿಯನ್ನು ತುಂಡು ತುಂಡಾಗಿ ಹಂಚಿಟ್ಟ ಹಾಗೆ. ಎಲ್ಲಿ ಕೂತರೂ ಒಂದು ಗಿಡವೋ ಆಕಾಶದ ಚೂರೋ ಕಣ್ಣಿಗೆ ಬೀಳುತ್ತದೆ. ಆಸ್ಟ್ರೇಲಿಯಾದ ಕಲಾವಿದ ಡೊನಾಲ್ಡ್ ಫ್ರೆಂಡ್ ಬಣ್ಣ ಬಳಿದ ಬಾಗಿಲು ಆ ಬಿಳುಪಿನ ನಡುವೆ ಉಜ್ವಲವಾಗಿ ಕಾಣುತ್ತದೆ. ಬಾವಾ ಮೊದಲು ಬೆಳಕಿಗೆ ಜಾಗ ಕೊಟ್ಟರು, ಕುರ್ಚಿ ಮೇಜು ಆಮೇಲೆ ಬಂದವು. ನಾವು ಕಲಿತದ್ದು ಇದಕ್ಕೆ ಪೂರ್ತಿ ತಿರುವುಮುರುವು.

ಮರುದಿನ ಫೋರ್ಟ್ ಸ್ಟೇಷನ್ನಿನಲ್ಲಿ ದಕ್ಷಿಣದ ರೈಲು ಹಿಡಿದೆ. ಕಡಲಿಗೆ ತೀರಾ ಹತ್ತಿರದಲ್ಲಿ ಓಡುವ ರೈಲು. ಅಳುತ್ಗಾಮದಲ್ಲಿಳಿದು ಆಟೊದಲ್ಲಿ ಲುನುಗಂಗಕ್ಕೆ. ಬಾವಾ 1948ರಲ್ಲಿ ಕೊಂಡ ರಬ್ಬರ್ ತೋಟವಿದು, ದೆದ್ದುವ ಸರೋವರದ ದಂಡೆಯಲ್ಲಿದೆ. ಮನೆಯಿಂದ ನೀರು ಕಾಣಲೆಂದು ಎದುರಿನ ಗುಡ್ಡದ ನೆತ್ತಿಯನ್ನು ತಗ್ಗಿಸಿದ್ದಾರೆ. ನಡುವೆ ಹಾಯುವ ರಸ್ತೆಯನ್ನು ಕಣ್ಣಿಗೆ ಬೀಳದಷ್ಟು ಆಳಕ್ಕಿಳಿಸಿದ್ದಾರೆ. ಹುಲ್ಲುಹಾಸಿನ ಆಚೆ, ಮರದ ಕೆಳಗೆ, ಒಂದೇ ಒಂದು ದೊಡ್ಡ ಜಾಡಿ. ನೋಟ ಮೊದಲು ಅದರ ಮೇಲೆ ನಿಂತು, ಆಮೇಲೆ ಸರೋವರಕ್ಕೆ ಇಳಿಯುತ್ತದೆ. ಒಂದು ಜಾಡಿ ಎಲ್ಲಿರಬೇಕೆಂದು ಗೊತ್ತಿದ್ದವರು ಇಷ್ಟು ದೊಡ್ಡ ತೋಟಕ್ಕೇ ಅರ್ಥ ಕೊಡಬಲ್ಲರು. ಅಲ್ಲಲ್ಲಿ ತೂಗುಹಾಕಿದ ಗಂಟೆಗಳ ನಾದ ಬೇರೆ ಬೇರೆ. ಕೇಳಿದೊಡನೆ ಒಡೆಯರು ಯಾವ ಮೂಲೆಯಲ್ಲಿದ್ದಾರೆಂದು ಆಳುಗಳಿಗೆ ತಿಳಿಯುತ್ತಿತ್ತಂತೆ.

ಬಾವಾ 2003ರಲ್ಲಿ ತೀರಿಕೊಂಡರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ತೋಟವನ್ನು ತಿದ್ದುತ್ತಲೇ ಇದ್ದರು. ನಾವೋ ಒಂದು ಫ್ಲ್ಯಾಟನ್ನು ನಲವತ್ತೈದು ದಿನಕ್ಕೆ ಮುಗಿಸಿ ಕೀಲಿ ಕೊಡುತ್ತೇವೆ. ಆ ಗಡುವಿನಲ್ಲೂ ಒಂದು ದಿನವನ್ನು ಖಾಲಿ ಕೋಣೆಗೆ ಕೊಡಬಹುದು: ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಲ್ಲಿ ಕೂತು ಬಿಸಿಲು ಎಲ್ಲಿಗೆ ಬರುತ್ತದೆಂದು ನೋಡುವುದಕ್ಕೆ. ಈ ವೃತ್ತಿಗೆ ಹೊಸದಾಗಿ ಬರುತ್ತಿರುವವರು ದಯವಿಟ್ಟು ಈ ಎರಡು ಜಾಗ ನೋಡಿಬನ್ನಿ. ಎರಡಕ್ಕೂ ಮುಂಗಡ ಬುಕಿಂಗ್ ಮಾಡಿಸಿಕೊಂಡೇ ಹೊರಡಿ.