ಅರ್ಜಿಯ ಋತು

ಋತುಗಳು ಆರು ಎಂಬ ಮಾತು ಚಳ್ಳಕೆರೆಯ ಸೀಮೆಯಲ್ಲಿ ಪಂಚಾಂಗಕ್ಕೆ ಮಾತ್ರ ಸಲ್ಲುತ್ತದೆ. ಅಲ್ಲಿಯ ಬೇಸಾಯಗಾರನು ಬಲ್ಲ ಋತುಗಳು ಎರಡೇ: ಮಳೆಗಾಗಿ ಕಾಯುವುದೊಂದು, ಬಾರದ ಮಳೆಗಾಗಿ ಮರುಗುವುದೊಂದು. ಈಚಿನ ವರ್ಷಗಳಲ್ಲಿ ಇವೆರಡರ ನಡುವೆ ಮೂರನೆಯದೊಂದು ಬಂದು ಸೇರಿಕೊಂಡಿದೆ. ಅದನ್ನು ಅರ್ಜಿಯ ಋತು ಎಂದು ಕರೆದರೆ ತಪ್ಪಾಗಲಾರದು. ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ದಿನ ಅದು ತೊಡಗುತ್ತದೆ. ಶೇಂಗಾ ಬಿತ್ತನೆ ಮುಗಿಯುವ ಹೊತ್ತಿಗೆ ಅದೂ ಮುಗಿಯುತ್ತದೆ. ಮನೆಯಲ್ಲಿ ಬೀಜಕ್ಕೆ ದುಡ್ಡು ಬೇಕಾಗಿರುವ ವಾರವೇ ಕಾಲೇಜಿನ ಶುಲ್ಕಕ್ಕೂ ದುಡ್ಡು ಬೇಕು. ಎರಡರಲ್ಲಿ ಯಾವುದು ಗೆಲ್ಲುವುದೆಂದು ಊಹಿಸಲು ಜ್ಯೋತಿಷಿ ಬೇಕಾಗಿಲ್ಲ.

ನನ್ನಿವಾಳ ಈ ಸೀಮೆಯ ಹಳೆಯ ಊರು. ಮ್ಯಾಸಬೇಡರ ಕಟ್ಟೆಮನೆಗಳಲ್ಲಿ ಒಂದು ಇಲ್ಲಿಯದು. ದೇವರ ಎತ್ತುಗಳೂ ಅವನ್ನು ಕಾಯುವ ಕಿಲಾರಿಗಳೂ ಈ ಕಡೆ ಇಂದಿಗೂ ಉಂಟು. ಕುಲದ ವ್ಯಾಜ್ಯಗಳನ್ನು ಹಿರಿಯರ ಮುಂದೆ ಬಗೆಹರಿಸಿಕೊಂಡು ಬಂದ ಜನಕ್ಕೆ ಬಾಯಿಮಾತೇ ಪತ್ರ, ಬಾಯಿಮಾತೇ ಸಾಕ್ಷಿ. ಇಂಥವರ ಮಕ್ಕಳು ಕಾಲೇಜಿನ ಬಾಗಿಲಿಗೆ ಬಂದು ನಿಂತಾಗ ಆ ಬಾಗಿಲು ಮೊದಲು ಕೇಳುವುದು ಕಾಗದವನ್ನು.

ಆ ಕಡೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಹೇಳುವ ಮೇಷ್ಟ್ರೊಬ್ಬರಿದ್ದಾರೆ. ಹೆಸರು ಬೇಡ; ಹೇಳಿದರೆ ಅವರೇ ಮುನಿದಾರು. ಕೆಲಸಕ್ಕೆ ಸೇರಿದ ಮೊದಲ ವರ್ಷ ಬೀಳ್ಕೊಡುಗೆಯ ದಿನ ಅವರು ಭಾಷಣ ಮಾಡಿದರು. ಇದೇ ತಾಲ್ಲೂಕಿನ ತಳುಕಿನಿಂದ ಹೊರಟ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾದುದನ್ನೂ, ಕುವೆಂಪು ತಮ್ಮ ರಾಮಾಯಣ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದುದನ್ನೂ ವರ್ಣಿಸಿ, ‘ನೀವೂ ಹಾಗೆಯೇ ಬೆಳೆಯಿರಿ’ ಎಂದು ಹರಸಿದರು. ಮಕ್ಕಳು ಕೈ ತಟ್ಟಿದರು. ಆ ಶ್ರಾವಣದಲ್ಲಿ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಮುಂದೆ ಮೇಷ್ಟ್ರು ಹಾದುಹೋಗುತ್ತಿದ್ದಾಗ ತಮ್ಮ ತರಗತಿಯ ಜಾಣ ಹುಡುಗನೊಬ್ಬ ಲಾರಿಗೆ ಚೀಲ ಹೊರುತ್ತಿದ್ದುದನ್ನು ಕಂಡರು.

“ಯಾಕಯ್ಯಾ, ಕಾಲೇಜಿಗೆ ಸೇರಲಿಲ್ಲವೇ?”

“ಹೋಗಿದ್ದೆ ಸಾರ್. ತಾರೀಕು ಮುಗಿದಿತ್ತಂತೆ.”

ಹುಡುಗ ಅದನ್ನು ದೂರಿನಂತೆ ಹೇಳಲಿಲ್ಲ. ಮಳೆ ಹೋಯಿತು ಎನ್ನುವ ದನಿಯಲ್ಲಿ ಹೇಳಿದ. ಮೇಷ್ಟ್ರಿಗೆ ನೊಂದದ್ದು ಆ ದನಿಗಾಗಿ. ಅಂದಿನಿಂದ ಅವರು ಬೀಳ್ಕೊಡುಗೆಯಲ್ಲಿ ವೆಂಕಣ್ಣಯ್ಯನವರ ಹೆಸರೆತ್ತಿಲ್ಲ. ಅದರ ಬದಲು ಇನ್ನೂರು ಪುಟದ ಒಂದು ನೋಟುಬುಕ್ಕನ್ನು ಕೊಂಡರು.

ಆ ಪುಸ್ತಕದಲ್ಲಿ ಮೊದಲು ಬರುವುದು ಹೆಸರಿನ ಪ್ರಕರಣ. ಹಟ್ಟಿಯಲ್ಲಿ ಓಬಯ್ಯನೆಂದು ಕರೆಸಿಕೊಳ್ಳುವವನು ಶಾಲೆಯ ದಾಖಲೆಯಲ್ಲಿ ಓಬಣ್ಣ, ಆಧಾರ್ ಚೀಟಿಯಲ್ಲಿ ಓಬಳೇಶ. ಇನಿಷಿಯಲ್ಲು ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ. ಊರಿನ ಕಣ್ಣಿಗೆ ಮೂವರೂ ಒಬ್ಬನೇ; ಗಣಕಯಂತ್ರದ ಕಣ್ಣಿಗೆ ಮೂವರು ಬೇರೆ ಬೇರೆ ಆಸಾಮಿಗಳು, ಅವರಲ್ಲಿ ಒಬ್ಬನಿಗೂ ವಿದ್ಯಾರ್ಥಿವೇತನ ಸಲ್ಲುವುದಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿ ಒಮ್ಮೆ ಅಚ್ಚಾಗಿ ಬಂದ ಮೇಲೆ ಅದರಲ್ಲಿಯ ಹೆಸರನ್ನು ತಿದ್ದಿಸುವುದು ಹರಸಾಹಸ. ಆದ್ದರಿಂದ ಮೇಷ್ಟ್ರು ಒಂಬತ್ತನೆಯ ತರಗತಿಯಲ್ಲೇ ಪ್ರತಿಯೊಬ್ಬರ ಹೆಸರನ್ನೂ ಎಲ್ಲ ದಾಖಲೆಗಳಲ್ಲಿ ಒಂದೇ ಅಕ್ಷರಕ್ಕೆ ತರುವ ಕೆಲಸ ಹಿಡಿದರು. ಹಳಗನ್ನಡದ ಪಾಠಾಂತರಗಳನ್ನು ಎಂ.ಎ.ಗೆ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತೆಂದು ಅವರೇ ನಗುತ್ತಾರೆ.

ಎರಡನೆಯದು ಹಕ್ಕಿನ ಪ್ರಕರಣ. ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. 2022ರಲ್ಲಿ ಆ ಪಂಗಡದ ಮೀಸಲನ್ನು ರಾಜ್ಯವು ಶೇಕಡಾ 3ರಿಂದ 7ಕ್ಕೆ ಏರಿಸಿತು. ಒಂದರಿಂದ ಹತ್ತನೆಯವರೆಗೆ ಹಳ್ಳಿಯಲ್ಲೇ ಓದಿದವರಿಗೆ ಇಂಜಿನಿಯರಿಂಗ್ ಮೊದಲಾದ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ ಶೇಕಡಾ 15, ಆ ಹತ್ತು ವರ್ಷವೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾಗಿವೆ. ಕೇಳುವುದಕ್ಕೆ ಹಿತವಾದ ಲೆಕ್ಕ. ಆದರೆ ಹೊಟ್ಟೆಪಾಡಿಗಾಗಿ ಊರು ಬದಲಿಸಿದವರ ಮಗು ಮೂರು ಶಾಲೆಗಳಲ್ಲಿ ಓದಿದ್ದರೆ ಮೂರು ಶಾಲೆಗಳಿಂದಲೂ ವ್ಯಾಸಂಗ ಪತ್ರ ತರಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು; ಜಾತಿ ಮತ್ತು ಆದಾಯದ ಪತ್ರಗಳಿಗೆ ನಾಡಕಚೇರಿಗೆ ಅಲೆಯಬೇಕು. ಪ್ರವೇಶದ ವಾರದಲ್ಲಿ ಹೋದರೆ ಅಲ್ಲಿ ಜಾತ್ರೆ. ದೀಪಾವಳಿ ರಜೆಯಲ್ಲಿ ಹೋದರೆ ಕೂರಲು ಬೆಂಚೂ ದೊರೆಯುತ್ತದೆ. ಮೇಷ್ಟ್ರು ಮಕ್ಕಳನ್ನು ದೀಪಾವಳಿಯಲ್ಲಿ ಕಳುಹಿಸುತ್ತಾರೆ. ಅವರ ಯೋಜನೆಯಲ್ಲಿ ಇದಕ್ಕಿಂತ ದೊಡ್ಡ ಗುಟ್ಟೇನೂ ಇಲ್ಲ.

ಇನ್ನು ಏನು ಓದಬೇಕೆಂಬ ಪ್ರಶ್ನೆ. ಇಲ್ಲಿ ಮಾತ್ರ ನೋಟುಬುಕ್ಕು ಸಾಲದು. ಹೆಚ್ಚು ಅಂಕ ಬಂದವನು ಸೈನ್ಸು, ನಡುವಿನವನು ಕಾಮರ್ಸು, ಉಳಿದವನು ಆರ್ಟ್ಸು ಎಂಬ ವರ್ಣಾಶ್ರಮ ಧರ್ಮವೊಂದು ನಮ್ಮ ನಾಡಿನಲ್ಲಿ ಬೇರೂರಿದೆ. ಈ ಹಟ್ಟಿಗಳ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ, ವಿಜ್ಞಾನವೆಂದು ಪಿ.ಯು. ತರಗತಿಗೆ ಕಾಲಿಟ್ಟರೆ ಎಲ್ಲವೂ ಇಂಗ್ಲಿಷು. ವೇಗೋತ್ಕರ್ಷ ಎಂದು ಬಾಯಿ ತುಂಬ ಕಲಿತದ್ದು ಮರುದಿನವೇ ಆಕ್ಸಿಲರೇಷನ್ ಆಗಿ ಎದುರು ನಿಲ್ಲುತ್ತದೆ. ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗುತ್ತದೆ. ವಿಷಯ ತಿಳಿದಿದ್ದೂ ತಿಳಿದಿಲ್ಲವೆಂದು ಭ್ರಮಿಸಿ, ದಸರೆಯ ರಜೆಗೆ ಊರಿಗೆ ಬಂದವರು ಹಿಂದಿರುಗದೆ ಉಳಿದುಬಿಡುವುದುಂಟು. ಹೀಗಾಗಿ ಏಪ್ರಿಲಿನ ಬಿಸಿಲಿನಲ್ಲಿ, ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ಬಿಡುವಿನಲ್ಲಿ, ಬೇವಿನ ಮರದ ಕೆಳಗೆ ವಿಚಿತ್ರವಾದ ತರಗತಿಯೊಂದು ನಡೆಯುತ್ತದೆ. ಕನ್ನಡದ ಮೇಷ್ಟ್ರು ಕನ್ನಡದ ಪಾರಿಭಾಷಿಕ ಪದಗಳಿಗೆ ಇಂಗ್ಲಿಷಿನ ಪ್ರತಿಪದಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಪಂಡಿತರು ಕಂಡರೆ ಏನೆಂದಾರೋ! ತಾವು ಪ್ರೀತಿಸುವ ಪದಗಳನ್ನು ತಾವೇ ಗಡಿ ದಾಟಿಸಿ ಬರುವ ಸಂಕಟ ಅವರಿಗೆ ಇಲ್ಲದಿಲ್ಲ. ಆದರೆ ಹುಡುಗ ಓದು ಬಿಟ್ಟು ಚೀಲ ಹೊರುವುದರಿಂದ ಕನ್ನಡಕ್ಕೇನು ಲಾಭ?

ಕೆಲವರನ್ನು ಅವರು ಸೈನ್ಸಿನಿಂದ ಬಿಡಿಸಿದ್ದೂ ಉಂಟು. ಬೋರ್‌ವೆಲ್ಲಿನ ಮೋಟರನ್ನು ಬಿಚ್ಚಿ ಕೂಡಿಸಬಲ್ಲ ಹುಡುಗನೊಬ್ಬನಿಗೆ ಪಾಲಿಟೆಕ್ನಿಕ್ಕಿನ ದಾರಿ ತೋರಿಸಿದರು. ಹತ್ತನೆಯದಾದ ಮೇಲೆ ಮೂರು ವರ್ಷದ ಡಿಪ್ಲೊಮಾ. ಕೈಗೆ ಕೆಲಸವೂ ಬರುತ್ತದೆ, ಮುಂದೆ ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಹುಡುಗನ ತಂದೆಗೆ ಇದು ಇಳಿದ ದಾರಿಯೆಂದು ತೋರಿತು. ಒಪ್ಪಿಸಲು ಮೇಷ್ಟ್ರು ಮೂರು ಸಂಜೆ ಅವರ ಮನೆಯ ಜಗಲಿಯಲ್ಲಿ ಕುಳಿತರು.

ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇದೇ ತಾಲ್ಲೂಕಿನ ಕುದಾಪುರದಲ್ಲಿ, ಅಮೃತಮಹಲ್ ಕಾವಲಿನ 1,500 ಎಕರೆ ನೆಲದಲ್ಲಿದೆ. ಅಲ್ಲಿ ವಿಜ್ಞಾನದ ಉಪಾಧ್ಯಾಯರಿಗೆ ತರಬೇತಿ ನಡೆಯುತ್ತದೆ. ಸುತ್ತಿನ ಹಳ್ಳಿಗಳವರಿಗೆ ಅದರ ಗೋಡೆಯ ಪರಿಚಯ ಚೆನ್ನಾಗಿಯೇ ಇದೆ. ಆ ಸಂಸ್ಥೆಯಲ್ಲಿ ಪಿ.ಯು. ಮುಗಿಸಿದವರು ಸೇರಬಹುದಾದ ಪದವಿ ತರಗತಿಯೂ ಉಂಟೆಂಬುದು ಎಷ್ಟು ಮನೆಗೆ ಗೊತ್ತು? ಮೇಷ್ಟ್ರು ಪ್ರತಿ ವರ್ಷ ಆ ಮಾತನ್ನು ತರಗತಿಯಲ್ಲಿ ಒಮ್ಮೆ ಹೇಳಿ ಸುಮ್ಮನಾಗುತ್ತಾರೆ. ಬೀಜ ಎಲ್ಲಿ ಬೀಳುವುದೋ ಯಾರು ಬಲ್ಲರು.

ಕಳೆದ ಸಲದ ಅರ್ಜಿಯ ಋತುವಿನಲ್ಲಿ ಅವರನ್ನು ಕಾಡಿದ್ದು ಒಬ್ಬ ಹುಡುಗಿಯ ಸಂಗತಿ. ಒಳ್ಳೆಯ ಅಂಕ, ಎಲ್ಲ ಕಾಗದವೂ ಸಿದ್ಧ. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲವೆಂಬುದೇನೋ ನಿಜ. ಆದರೆ ಅವಳ ಹಟ್ಟಿಯ ದಾರಿಯಲ್ಲಿ ಕಾಲೇಜಿನ ಹೊತ್ತಿಗೆ ಬರುವುದು ಖಾಸಗಿ ಬಸ್ಸು. ಹಾಸ್ಟೆಲು ಸಿಕ್ಕರೆ ಓದು, ಸಿಗದಿದ್ದರೆ ಸೋದರಮಾವನ ಮನೆಯವರ ಮಾತು ನಡೆಯುತ್ತದೆ ಎಂದು ತಾಯಿ ಸ್ಪಷ್ಟವಾಗಿಯೇ ಹೇಳಿದ್ದಳು. ಹಾಸ್ಟೆಲಿನ ಅರ್ಜಿಗೆ ಅಂದೇ ಕಡೆಯ ದಿನ. ಚಳ್ಳಕೆರೆಯ ಸೈಬರ್ ಅಂಗಡಿಯಲ್ಲಿ ಎಲ್ಲವನ್ನೂ ತುಂಬಿದ ಮೇಲೆ ಯಂತ್ರವು ಓಟಿಪಿ ಕೇಳಿತು. ಆ ಆರು ಅಂಕಿ ಹೋಗಿದ್ದು ತಂದೆಯ ಫೋನಿಗೆ. ತಂದೆಯಾದರೋ ದಾವಣಗೆರೆಯ ಕಡೆ ನಾಲೆಬಯಲಿನಲ್ಲಿ ಕುರಿಮಂದೆಯೊಡನೆ ಇದ್ದ.

ಮೊದಲ ಸಲ ಫೋನು ಸಿಕ್ಕಲಿಲ್ಲ. ಎರಡನೆಯ ಸಲ ಸಿಕ್ಕಿತು; ಅಂಕಿ ಬಲ್ಲವನಾದರೂ ಅಕ್ಷರ ಬಾರದ ಆತ, ಬಂದು ಬಿದ್ದಿದ್ದ ಹತ್ತಾರು ಸಂದೇಶಗಳಲ್ಲಿ ಯಾವುದೋ ಜಾಹೀರಾತಿನ ಸಂಖ್ಯೆಯನ್ನು ಓದಿ ಹೇಳಿದ. ಯಂತ್ರ ಒಪ್ಪಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಅಂಗಡಿಯವನು ಬಾಗಿಲು ಎಳೆಯುವ ಯೋಚನೆಯಲ್ಲಿದ್ದ. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು, ಅಳಲಿಲ್ಲ.

ಕರೆಂಟು ಬಂದಾಗ ಸಂಜೆ ಏಳು ದಾಟಿತ್ತು. ಮೂರನೆಯ ಸಲ ಅವಳೇ ಫೋನು ಹಿಡಿದಳು. “ಅಪ್ಪಾ, ಗದ್ದೆ ಯಜಮಾನ್ರ ಹತ್ರ ಫೋನು ಕೊಡು. ಈಗ ಬಂದಿರಾದು, ಎಲ್ಲಕಿಂತ ಮ್ಯಾಲಿರಾದು ಓದಾಕೆ ಹೇಳು.” ಗದ್ದೆಯ ಯಜಮಾನ ಎಂದೂ ಕಾಣದ ಹುಡುಗಿಗಾಗಿ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದ, ಹಿಂದಿನಿಂದ ಕುರಿಗಳ ಅರಚಾಟವೂ ಕೇಳುತ್ತಿತ್ತು. ಪರದೆಯ ಮೇಲೆ ಹಸಿರು ಗೆರೆ ಮೂಡಿತು. ಅಂಗಡಿಯವನು ಸ್ವೀಕೃತಿಯ ಹಾಳೆಯನ್ನು ಅಚ್ಚು ಹಾಕಿ, ದುಡ್ಡು ಬೇಡವೆಂದ.

ಹಾಸ್ಟೆಲಿನ ಪಟ್ಟಿ ಬರಲು ಇನ್ನೂ ದಿನಗಳಿದ್ದವು; ಅದರಲ್ಲಿ ಹೆಸರಿರುತ್ತದೆಂಬ ಖಾತ್ರಿ ಮೇಷ್ಟ್ರಿಗೂ ಇರಲಿಲ್ಲ. ಬಸ್ ನಿಲ್ದಾಣದವರೆಗೆ ಹುಡುಗಿ ಮಾತಾಡಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ, ಮತ್ತೆ ಬಿಚ್ಚಿ, ಮಡಿಕೆ ಬಿದ್ದೀತೆಂದು ಪುಸ್ತಕದೊಳಗೆ ಇಟ್ಟಳು. ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು:

“ಸಾರ್, ನಮ್ ತಂಗಿ ಎಂಟ್ನೇ ಕ್ಲಾಸು. ಆಧಾರದಾಗೆ ಅವಳ ಹೆಸರು ತಪ್ಪೈತೆ. ನಾಳೆ ತರ್ಲಾ?”